ಹಾಸಿಗೆ-ಎರಡರ ಆರೋಗ್ಯ

ಆ ವರ್ಷ ಆಫೀಸಿನಲ್ಲಿ 'ಅತ್ಯುತ್ತಮ ಕೆಲಸಗಾರ' ಅನ್ನೋ ಬಹುಮಾನ ಯಾವ ಮನುಷ್ಯನಿಗೂ ಬರಲಿಲ್ಲ. ಹಾಸಿಗೆ-ಎರಡಕ್ಕೆ ಬಂತು.

ಹಾಸಿಗೆ-ಎರಡು ಅಂದರೆ ಮೈಚಾಚುವ ಹಾಸಿಗೆಯಲ್ಲ. ಅದೊಂದು ವರ್ಚುವಲ್ ಸರ್ವರ್. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೂ ಇದೆ ಅಂತ ಎಲ್ಲರೂ ನಂಬಿರುತ್ತಾರೆ. ಅಷ್ಟರಮಟ್ಟಿಗೆ ದೇವರ ಜಾತಿಗೆ ಸೇರಿದ್ದು. ಆಫೀಸಿನ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ ಬೀರುವಿನಷ್ಟೆತ್ತರದ ಕಪ್ಪು ಪೆಟ್ಟಿಗೆಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ನಿಜವಾದ ಯಂತ್ರಗಳು ಅವು. ಒಂದೊಂದರ ಹೊಟ್ಟೆಯೊಳಗೂ ಹತ್ತಿಪ್ಪತ್ತು ಸುಳ್ಳು ಯಂತ್ರಗಳು ಸಂಸಾರ ಹೂಡಿದ್ದವು. ಒಂದೇ ಮನೆಗೆ ಬಂದ ನಾಲ್ವರು ಸೊಸೆಯರಲ್ಲಿ ಪ್ರತಿಯೊಬ್ಬಳೂ ಅಡುಗೆಮನೆ ತನ್ನೊಬ್ಬಳದೇ ಅಂದುಕೊಂಡಿರುವ ಹಾಗೆ, ಪ್ರತಿ ಸುಳ್ಳು ಯಂತ್ರವೂ ಇಡೀ ಪೆಟ್ಟಿಗೆ ತನ್ನದೇ ಅನ್ನುವ ಭ್ರಮೆಯಲ್ಲಿ ದುಡಿಯುತ್ತಿತ್ತು. ಚಪ್ಪಲಿ ಅಂಗಡಿಯವರ ವ್ಯವಹಾರ ನೋಡುವುದು ಚಪ್ಪಲಿ-ಒಂದು. ಡ್ರೈವಿಂಗ್ ಸ್ಕೂಲಿನದು ಸ್ಟೇರಿಂಗ್. ಹಾಸಿಗೆ ಮಾಡುವ ಕಂಪನಿಯದು ಹಾಸಿಗೆ-ಒಂದು ಮತ್ತು ಹಾಸಿಗೆ-ಎರಡು. ಹೆಸರಿಡುವ ವಿಷಯದಲ್ಲಿ ಆ ಆಫೀಸಿನವರು ಎಂದೂ ತಲೆ ಕೆಡಿಸಿಕೊಂಡವರಲ್ಲ.

ಈ ಯಂತ್ರಗಳು ಎಷ್ಟು ದುಡಿಯುತ್ತವೆ, ಎಷ್ಟು ಮೈಗಳ್ಳತನ ಮಾಡುತ್ತವೆ, ಯಾವಾಗ ಏದುಸಿರು ಬಿಡುತ್ತವೆ ಅಂತ ನಿಮಿಷ ನಿಮಿಷಕ್ಕೂ ವಿಚಾರಿಸಿ, ಬಂದ ಅಂಕಿಗಳನ್ನು ಗೆರೆ ಮಾಡಿ ಗೋಡೆಯ ದೊಡ್ಡ ಪರದೆಗೆ ಹಾಕಿ, ಆಮೇಲೆ ಎಲ್ಲವನ್ನೂ ಆರ್ಕೈವ್ ಅನ್ನುವ ಉಗ್ರಾಣಕ್ಕೆ ತುಂಬುವ ಒಂದು ಪ್ರೋಗ್ರಾಂ ಇತ್ತು. ಆ ಪ್ರೋಗ್ರಾಂ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಕಾಯುವ ಹೆಂಗಸೊಬ್ಬಳಿದ್ದಳು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಉಳಿದಂತೆ ಎಲ್ಲರಿಗೂ ಅವಳು ಗ್ರಾಫಕ್ಕ.

ಗ್ರಾಫಕ್ಕನಿಗೆ ಕಾಗದದ ಮೇಲೆ ಅರ್ಧ ತಿಂಗಳು ಹಗಲು ಪಾಳಿ, ಅರ್ಧ ತಿಂಗಳು ರಾತ್ರಿ ಪಾಳಿ. ವಾಸ್ತವದಲ್ಲಿ ಹಗಲು ಪಾಳಿಯವರಲ್ಲಿ ಯಾರಿಗಾದರೂ ಜ್ವರ ಬರಲಿ, ನೆಂಟರು ಬರಲಿ, ಸುಮ್ಮನೆ ಬೇಜಾರು ಬರಲಿ, ಪಾಳಿ ಅದಲುಬದಲಾಗಿ ರಾತ್ರಿ ಬಂದು ಇವಳ ತಲೆಯ ಮೇಲೆ ಕೂರುತ್ತಿತ್ತು. ಅವಳ ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು. ಬೆಳಗಿನ ಜಾವಕ್ಕೆ ಎದ್ದು ಹೋಗಬೇಕಾದ್ದರಿಂದ ಸಂಜೆಯೇ ಮುಸುಕೆಳೆಯುತ್ತಿದ್ದ. ಹೀಗಾಗಿ ಗಂಡ ಹೆಂಡತಿ ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿದ್ದದ್ದೇ ಅಪರೂಪ. ಮದುವೆಯಾಗಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಏಳು ವರ್ಷದ ಮಗಳಿದ್ದಳು, ಇನ್ನೂ ಗಟ್ಟಿ ಸಾಕ್ಷಿಯಾಗಿ ಅತ್ತೆ ಇದ್ದರು.

ಇನ್ನು ಬಹುಮಾನದ ಮೀಟಿಂಗಿಗೆ ಬರೋಣ.

ಆಫೀಸಿನ ಮುಖ್ಯಸ್ಥರಿಗೆ ಬೆನ್ನ ಹಿಂದೆ ಸರಾಸರಿ ಸಾಹೇಬರು ಅಂತ ಹೆಸರು. ಯಾರಾದರೂ ತೀರಿಕೊಂಡರು ಅಂತ ಸುದ್ದಿ ಬಂದರೆ "ಸರಾಸರಿ ಆರೋಗ್ಯ ಹೇಗಿತ್ತು?" ಅಂತ ಕೇಳುವ ಆಸಾಮಿ. ಅವತ್ತು ಅವರು ಪರದೆಯ ಮೇಲೆ ಹಾಸಿಗೆ-ಎರಡರ ದುಡಿಮೆಯ ಗೆರೆ ಹಾಕಿಸಿ, ಅದರ ಎದುರು ನಿಂತರು. ಶೇಕಡಾ ಹನ್ನೊಂದರಲ್ಲಿ ಶುರುವಾದ ಗೆರೆ ಹನ್ನೊಂದರಲ್ಲೇ ಸಾಗಿ ಹನ್ನೊಂದರಲ್ಲೇ ಮುಗಿದಿತ್ತು. ಏರಿಲ್ಲ, ಇಳಿತವಿಲ್ಲ.

"ನೋಡಿ," ಅಂದರು ಸಾಹೇಬರು, ಗೆರೆಯನ್ನು ಬೆರಳಿನಿಂದ ಸವರುತ್ತಾ. "ಇಡೀ ವರ್ಷ. ಒಂದು ದಿನ ಕೂಗಾಡಿಲ್ಲ, ಒಂದು ದಿನ ರಜೆ ಹಾಕಿಲ್ಲ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಹೀಗಿದ್ದೀರಾ?"

ಯಾರೂ ಹಾಗಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು.

"ಇದು ಯಾರ ಸುಪರ್ದಿಯಲ್ಲಿದೆ?"

ಗ್ರಾಫಕ್ಕ ಅರೆನಿದ್ದೆಯಲ್ಲಿದ್ದಳು. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನದ ಮೀಟಿಂಗಿಗಾಗಿ ಕಾದು ಕೂತಿದ್ದ ಕಣ್ಣು. ಪಕ್ಕದಲ್ಲಿದ್ದ ಬಿಸ್ಕತ್ತು ಮೊಣಕೈಯಿಂದ ತಿವಿದ. ಬಿಸ್ಕತ್ತು ಅಂದರೆ ಅವಳ ಜೊತೆ ಕೆಲಸ ಮಾಡುವವನು. ಎರಡು ಮಕ್ಕಳ ತಂದೆ, ದಪ್ಪ ಮೀಸೆ. ಅವನ ಕೀಬೋರ್ಡು ತಲೆಕೆಳಗು ಮಾಡಿ ಕೊಡವಿದರೆ ಒಂದು ಹೊತ್ತಿನ ತಿಂಡಿಯಾಗುವಷ್ಟು ಪುಡಿ ಉದುರುತ್ತಿತ್ತು.

"ನಂದೇ ಸಾರ್," ಅಂದಳು, ಏನು ಅಪರಾಧವೋ ಗೊತ್ತಾಗದೆ.

"ಮುಂದಿನ ತಿಂಗಳಿಂದ ನಿಮಗೆ ಖಾಯಂ ಹಗಲು ಪಾಳಿ," ಅಂದರು ಸಾಹೇಬರು. "ಇಂಥ ಯಂತ್ರ ಸಾಕಿದವರಿಗೆ ಅಷ್ಟಾದ್ರೂ ಮಾಡ್ಬೇಡ್ವೇ?"

ಸಾಕಿದ್ದೇನು ಬಂತು. ಅವಳು ಆ ಯಂತ್ರವನ್ನು ತಿರುಗಿಯೂ ನೋಡಿರಲಿಲ್ಲ. ಗಲಾಟೆ ಮಾಡುವ ಯಂತ್ರಗಳನ್ನು ಸಮಾಧಾನ ಮಾಡುವುದರಲ್ಲೇ ಅವಳ ಪಾಳಿ ಮುಗಿಯುತ್ತಿತ್ತು. ತೆಪ್ಪಗಿರುವುದನ್ನು ಮಾತಾಡಿಸಲು ಯಾರಿಗೆ ಪುರುಸೊತ್ತು? ಆದರೂ ಬಾಯಿ ಬಿಡಲಿಲ್ಲ. ಸಿಕ್ಕಿದ್ದನ್ನು ಬೇಡ ಅನ್ನುವಷ್ಟು ನಿದ್ದೆ ಅವಳಿಗೆ ಆಗಿರಲಿಲ್ಲ.

ಮನೆಗೆ ಬಂದಾಗ ಸಂಜೆ. ಅತ್ತೆ ಟಿವಿಯ ರಿಮೋಟನ್ನು ರಾಜದಂಡದಂತೆ ಹಿಡಿದು ಕೂತಿದ್ದರು.

"ಏನೇ, ಮುಖ ಹೊಳೀತಿದೆ? ಜ್ವರಾನಾ?"

"ಹಗಲು ಪಾಳಿ ಸಿಕ್ತು ಅತ್ತೆ. ಖಾಯಂ."

"ಯಾರು ಕೊಡಿಸಿದ್ರು?"

"ಹಾಸಿಗೆ-ಎರಡು."

ಅತ್ತೆ ಟಿವಿಯ ಸದ್ದು ಇಳಿಸಿದರು. "ನಿಮ್ಮ ಆಫೀಸಲ್ಲಿ ಏನೇನು ನಡೆಯುತ್ತೆ ಅಂತ ನಾನು ಕೇಳಲ್ಲಮ್ಮ. ಕೇಳೋ ವಯಸ್ಸಲ್ಲ ನಂದು."

ಅದು ಸರ್ವರು, ಯಂತ್ರ, ಕಣ್ಣಿಗೆ ಕಾಣಲ್ಲ ಅಂತ ವಿವರಿಸಿದಷ್ಟೂ ಅತ್ತೆಯ ಹುಬ್ಬು ಮೇಲೇರಿತು. ಅಷ್ಟರಲ್ಲಿ ಮಗಳು ಒಳಗಿಂದ ಓಡಿಬಂದು ಸ್ಕೂಲಿನಲ್ಲಿ ಬಿಡಿಸಿದ ಚಿತ್ರ ಮುಂದೆ ಹಿಡಿದಳು. ಮನೆಯವರನ್ನೆಲ್ಲ ಬರೆಯಿರಿ ಅಂದಿದ್ದರಂತೆ ಟೀಚರು. ಬ್ರೆಡ್ ಹಿಡಿದ ಅಪ್ಪ ಇದ್ದ. ಟಿವಿಯಷ್ಟೇ ಅಗಲದ ಅಜ್ಜಿ ಇದ್ದರು. ಎರಡು ಜಡೆಯ ಮಗಳಿದ್ದಳು. ಪಕ್ಕದಲ್ಲಿ ಒಂದು ಕಂದು ಬಣ್ಣದ ಬಾಗಿಲು.

"ಅಮ್ಮ ಎಲ್ಲಿ?"

"ಇದೇ ಅಮ್ಮ," ಬಾಗಿಲು ತೋರಿಸಿದಳು. "ನೀನು ಒಳಗೆ ಮಲಗಿದ್ದೀಯ. ಶಬ್ದ ಮಾಡ್ಬಾರ್ದು."

"ಬಣ್ಣ ಚೆನ್ನಾಗಿ ಬಂದಿದೆ," ಅಂದರು ಅತ್ತೆ, ಸಮಾಧಾನಕ್ಕೆ. "ಹಿಡಿಕೇನೂ ಸರಿಯಾಗಿ ಬರೆದಿದ್ದಾಳೆ."

ಗ್ರಾಫಕ್ಕ ಚಿತ್ರ ನೋಡುತ್ತಾ ನಿಂತಳು. ಇನ್ನು ಮುಂದೆ ಏನೇ ಆಗಲಿ, ಆಕಾಶವೇ ಕಳಚಿ ಬೀಳಲಿ, ಈ ಹಗಲು ಪಾಳಿಯನ್ನು ಮಾತ್ರ ಕೈಬಿಡುವುದಿಲ್ಲ ಅಂತ ಅವಳು ಆ ಬಾಗಿಲಿಗೆ ಮನಸ್ಸಿನಲ್ಲೇ ಮಾತು ಕೊಟ್ಟಳು.

ಆಕಾಶ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎರಡು ಬೀದಿ ಆಚೆ ಒಂದು ಹಲ್ಲಿನ ಆಸ್ಪತ್ರೆಯಿತ್ತು. ಅವರ ಯಂತ್ರದ ಹೆಸರು ಹಲ್ಲು-ಒಂದು. ರೋಗಿಗಳ ಸರದಿ, ಎಕ್ಸ್‌ರೇ ಚಿತ್ರ ಎಲ್ಲ ಅದರೊಳಗೆ. ಬೆಳಿಗ್ಗೆ ಆಸ್ಪತ್ರೆ ತೆರೆದ ಕೂಡಲೇ ಅದರ ಗೆರೆ ಬೆಟ್ಟ ಹತ್ತುತ್ತಿತ್ತು, ಊಟದ ಹೊತ್ತಿಗೆ ಇಳಿಯುತ್ತಿತ್ತು, ಮತ್ತೆ ಹತ್ತುತ್ತಿತ್ತು. ಅದು ಕಂಡಾಗಲೆಲ್ಲ ಸಾಹೇಬರು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

"ಒಂದು ಉಪಾಯ ಹೊಳೀತು," ಅಂದರು, ಆ ವಾರ ಅಪರೂಪಕ್ಕೆ ಹಗಲು ಪಾಳಿಯಲ್ಲಿದ್ದ ಗ್ರಾಫಕ್ಕನನ್ನು ಕರೆಸಿ. "ಆಸ್ಪತ್ರೆಯವರದ್ದನ್ನೆಲ್ಲ ಎತ್ತಿ ಹಾಸಿಗೆ-ಎರಡಕ್ಕೆ ಹಾಕಿ. ಅಷ್ಟು ಶಾಂತ ಸ್ವಭಾವದ ಯಂತ್ರ. ಅದರ ಸಹವಾಸದಲ್ಲಿ ಇದೂ ಸುಧಾರಿಸುತ್ತೆ."

ತುಂಟ ಹುಡುಗನನ್ನು ಕೈಕಟ್ಟಿ ಕೂರುವ ಹುಡುಗನ ಪಕ್ಕ ಕೂರಿಸುವ ಮೇಷ್ಟರ ಬುದ್ಧಿ. ಯಂತ್ರ ಹಾಗೆಲ್ಲ ಕಲಿಯುವುದಿಲ್ಲ ಅಂತ ಹೇಳಬಹುದಿತ್ತು. ಖಾಯಂ ಹಗಲು ಪಾಳಿಯ ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲವಾದ್ದರಿಂದ ಹೇಳಲಿಲ್ಲ.

ಸೀಟಿಗೆ ಬಂದು ಹಾಸಿಗೆ-ಎರಡನ್ನು ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಇಲ್ಲ. ಕಪ್ಪು ಪೆಟ್ಟಿಗೆಗಳಲ್ಲಿ ಯಾರ್ಯಾರು ವಾಸವಾಗಿದ್ದಾರೆ ಅಂತ ತೆಗೆದು ನೋಡಿದಳು. ಚಪ್ಪಲಿ ಇತ್ತು, ಸ್ಟೇರಿಂಗ್ ಇತ್ತು, ಹಲ್ಲು ಇತ್ತು. ಹಾಸಿಗೆ ಎಲ್ಲೂ ಇರಲಿಲ್ಲ.

"ಏ ಬಿಸ್ಕತ್ತು, ಸ್ವಲ್ಪ ಬಾ ಇಲ್ಲಿ. ಹಾಸಿಗೆ-ಎರಡು ಕಾಣಿಸ್ತಿಲ್ಲ."

ಬಿಸ್ಕತ್ತು ಬಂದ, ತಡಕಾಡಿದ, ಹಳೆಯ ಕಡತ ಕೆದಕಿದ. ಆಮೇಲೆ ಬಾಯಲ್ಲಿದ್ದದ್ದನ್ನು ನುಂಗಿ, ಗಂಭೀರವಾಗಿ ಅಂದ, "ಅಕ್ಕ, ಇದು ಶಿವನ ಪಾದ ಸೇರಿ ಯಾವ ಕಾಲವಾಯ್ತೋ. ಹಾಸಿಗೆ ಕಂಪನಿ ಮುಚ್ಚಿದಾಗ ಯಾರೋ ಅಳಿಸಿ ಹಾಕಿದ್ದಾರೆ."

"ಮತ್ತೆ ಆ ಗೆರೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಒಟ್ಟಿಗೆ ಹೊಳೆಯಿತು.

ಅದು ಸಾಹೇಬರದ್ದೇ ಹಳೆಯ ಆಜ್ಞೆ. ಯಂತ್ರಗಳು ಒಮ್ಮೊಮ್ಮೆ ಉತ್ತರ ಕೊಡುವುದಿಲ್ಲ, ಆಗ ಗೆರೆಯಲ್ಲಿ ಒಂದು ತೂತು ಬೀಳುತ್ತದೆ. ಯಾವನೋ ಗಿರಾಕಿ ಅಂಥ ತೂತು ನೋಡಿ "ಇಲ್ಲಿ ಇಲಿ ಕಡಿದಿದೆಯಾ?" ಅಂತ ನಕ್ಕಿದ್ದನಂತೆ. ಸಾಹೇಬರಿಗೆ ಅವಮಾನವಾಗಿ, ಇನ್ನು ಮೇಲೆ ತೂತು ಕಾಣಕೂಡದು, ಉತ್ತರ ಬರದ ನಿಮಿಷಕ್ಕೆ ಹಿಂದಿನ ನಿಮಿಷದ ಅಂಕಿಯನ್ನೇ ತೇಪೆ ಹಾಕಿ ಅಂದಿದ್ದರು. ಪ್ರೋಗ್ರಾಮಿಗೇನು, ಹೇಳಿದಷ್ಟು ಮಾಡುತ್ತದೆ. ಹಾಸಿಗೆ-ಎರಡು ಕಣ್ಣು ಮುಚ್ಚಿದ ನಿಮಿಷದಲ್ಲಿ ಶೇಕಡಾ ಹನ್ನೊಂದು ಇತ್ತು. ಮುಂದಿನ ನಿಮಿಷ ಉತ್ತರವಿಲ್ಲ, ಹನ್ನೊಂದು. ಅದರ ಮುಂದಿನ ನಿಮಿಷವೂ ಇಲ್ಲ, ಹನ್ನೊಂದು. ಹೀಗೆ ತೇಪೆಯ ಮೇಲೆ ತೇಪೆ ಬಿದ್ದು, ಬಟ್ಟೆಯೇ ಇಲ್ಲದ ಅಂಗಿಯೊಂದು ತಯಾರಾಗಿ, ಅದಕ್ಕೆ ಬಹುಮಾನವೂ ಬಂದಿತ್ತು. ಅಳಿಸಿದ ಪುಣ್ಯಾತ್ಮ, ಯಂತ್ರ ಬಿದ್ದರೆ ಕೂಗಿಕೊಳ್ಳುವ ಅಲಾರಮ್ಮಿನಿಂದ ಹೆಸರು ತೆಗೆದಿದ್ದ, ಉಗ್ರಾಣಕ್ಕೆ ಸುದ್ದಿ ಮುಟ್ಟಿಸಿರಲಿಲ್ಲ.

"ಹೆಣಕ್ಕೆ ಹಾರ ಹಾಕೋದು ನೋಡಿದ್ದೆ," ಅಂದ ಬಿಸ್ಕತ್ತು. "ಬಡ್ತಿ ಕೊಡೋದು ಇದೇ ಮೊದಲು."

"ನಗಬೇಡ ಮಾರಾಯ. ಸಾಹೇಬರಿಗೆ ಹೇಳಿದ್ರೆ ನನ್ನ ಹಗಲು ಪಾಳಿ?"

"ಹೇಳ್ಬೇಡಿ. ಅದೇ ಹೆಸರಲ್ಲಿ ಹೊಸದೊಂದು ಮಾಡಿಬಿಡಿ. ಒಂದು ಟೀ ಕುಡಿಯೋಷ್ಟರಲ್ಲಿ ಆಗುತ್ತೆ. ಯಾರಿಗೆ ಗೊತ್ತಾಗುತ್ತೆ?"

ಸರಿ ತಾನೇ. ಕಣ್ಣಿಗೆ ಕಾಣದ ಯಂತ್ರ ಹಳೆಯದಾದರೇನು, ಹೊಸದಾದರೇನು. ಗ್ರಾಫಕ್ಕನ ಕಣ್ಣ ಮುಂದೆ ಕಂದು ಬಾಗಿಲು ಬಂದು ನಿಂತಿತು. ಹೊಸ ಯಂತ್ರ ಹುಟ್ಟಿಸಿದಳು, ಹಳೆಯದಕ್ಕೆ ಇದ್ದಷ್ಟೇ ಮೆಮೊರಿ ಕೊಟ್ಟಳು, ಹಾಸಿಗೆ-ಎರಡು ಅಂತ ಹೆಸರಿಟ್ಟಳು, ಆಸ್ಪತ್ರೆಯ ಸಾಮಾನನ್ನೆಲ್ಲ ಅದಕ್ಕೆ ಸಾಗಿಸಿದಳು. ಟೀ ಮಾತ್ರ ಆರಿಹೋಗಿತ್ತು.

ಮಾರನೆಯ ದಿನ ಸಾಹೇಬರ ಕೋಣೆಯಿಂದ ಕೇಳಿದ ಕೂಗಿಗೆ ವಾಚ್‌ಮನ್ನೂ ಎದ್ದು ನಿಂತ.

"ಏನ್ರೀ ಮಾಡಿದ್ರಿ ಅದಕ್ಕೆ!" ಸಾಹೇಬರು ಪರದೆಯ ಮುಂದೆ ತಲೆಯ ಮೇಲೆ ಕೈ ಹೊತ್ತಿದ್ದರು. ಉದ್ದಕ್ಕೂ ಹಗ್ಗ ಕಟ್ಟಿದಂತಿದ್ದ ಗೆರೆ ನಿನ್ನೆಯಿಂದ ಎದ್ದಿತ್ತು, ಬಿದ್ದಿತ್ತು, ಕುಪ್ಪಳಿಸಿತ್ತು. "ಮುತ್ತಿನಂಥ ಯಂತ್ರ! ಒಂದೇ ದಿನಕ್ಕೆ ಹಾಳು ಮಾಡಿದ್ರಲ್ರೀ!"

"ಅದು ಈಗ ಕೆಲಸ ಮಾಡ್ತಿದೆ ಸಾರ್, ಅದಕ್ಕೇ..."

"ಮೊದಲು ಮಾಡ್ತಿರಲಿಲ್ವಾ? ಆಗ ಯಾಕೆ ಹೀಗೆ ಒದ್ದಾಡ್ತಿರಲಿಲ್ಲ?"

ಈ ಪ್ರಶ್ನೆಗೆ ನಿಜವಾದ ಉತ್ತರ ಒಂದೇ ಇತ್ತು. ಅದನ್ನು ನುಂಗಿಕೊಂಡಳು.

"ನಂಗೊತ್ತಿಲ್ಲ," ಅಂದರು ಸಾಹೇಬರು. "ಗೆರೆ ಮೊದಲಿನ ಹಾಗೆ ನೇರ ಆಗ್ಬೇಕು. ಆಗದಿದ್ರೆ ಹಗಲು ಪಾಳಿ ಬೇರೆಯವರಿಗೆ."

ಸತ್ತವನಷ್ಟು ಶಾಂತವಾಗಿ ಬದುಕಿರು ಅಂದರೆ ಯಾರಿಂದ ಸಾಧ್ಯ? ಗ್ರಾಫಕ್ಕ ಬಂದು ಕುರ್ಚಿಯಲ್ಲಿ ಕುಸಿದಳು. ಬಿಸ್ಕತ್ತು ಒಂದು ಬಿಸ್ಕತ್ತು ಮುಂದೆ ಹಿಡಿದ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

"ಅಕ್ಕ, ಗೆರೆ ನೇರ ಆಗ್ಬೇಕು ತಾನೇ? ಯಂತ್ರ ಅದರ ಪಾಡಿಗೆ ಕುಣೀಲಿ. ನಾವು ಅದನ್ನ ವಿಚಾರಿಸೋದನ್ನ ನಿಲ್ಲಿಸಿಬಿಡೋಣ. ಕೇಳದೇ ಇದ್ರೆ ಉತ್ತರ ಬರಲ್ಲ. ಉತ್ತರ ಬರದಿದ್ರೆ ತೇಪೆ ಬೀಳುತ್ತೆ. ಶೇಕಡಾ ಹನ್ನೊಂದು ಇರೋ ನಿಮಿಷ ನೋಡಿ, ಅದನ್ನ ವಿಚಾರಿಸೋ ತಂತಿ ಕಿತ್ತರಾಯ್ತು."

"ಅಲಾರಮ್ಮೂ ಅದೇ ತಂತೀಲಿ ಬರೋದು. ಏನಾದ್ರೂ ಆದ್ರೆ ನಮಗೇ ಗೊತ್ತಾಗಲ್ಲ."

"ಏನಾಗುತ್ತೆ? ಹಲ್ಲಿನ ಆಸ್ಪತ್ರೆ. ಯಾರೂ ಸಾಯಲ್ಲ."

ಅವಳು ಬೇಡ ಅಂದಳು. ಊಟ ಮಾಡಿ ಬಂದು ಬೇಡ ಅಂದಳು. ಸಂಜೆ ಹೊರಡುವ ಮುಂಚೆ, ಅಂಕಿ ಹನ್ನೊಂದಕ್ಕೆ ಇಳಿಯುವುದನ್ನೇ ಕಾಯುತ್ತಾ ಕೂತಳು. ಇಳಿದ ಕೂಡಲೇ ತನ್ನ ಕೈಯಾರೆ ಕಿತ್ತಳು. ಗೆರೆ ಹಗ್ಗದಂತೆ ನೆಟ್ಟಗಾಯಿತು.

ಸಾಹೇಬರು ಬೆಳಿಗ್ಗೆ ಬಂದು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಳ್ಳೆ ಬೀಜ. ಎಷ್ಟಾದ್ರೂ ಒಳ್ಳೆ ಬೀಜ ಅದು," ಅಂದು ಆದೇಶಕ್ಕೆ ಸಹಿ ಹಾಕಿದರು.

ಖಾಯಂ ಹಗಲು ಪಾಳಿಯ ಮೊದಲ ದಿನ ಗ್ರಾಫಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಮಗಳ ಜಡೆ ತಾನೇ ಹೆಣೆದು, ಅದನ್ನು ಅತ್ತೆ ಬಿಚ್ಚಿ ಮತ್ತೆ ಹೆಣೆಯುವುದನ್ನು ನೋಡಿ, ನಗುತ್ತಲೇ ಆಫೀಸಿಗೆ ಬಂದಳು. ನಿದ್ದೆಗಣ್ಣಿಲ್ಲದೆ ನೋಡಿದರೆ ಆಫೀಸು ಇಷ್ಟು ಕೊಳಕಾಗಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಚೀಲ ಇಟ್ಟು ಕೂರುವಷ್ಟರಲ್ಲಿ ಸಾಹೇಬರ ಫೋನು ಹೊಡೆದುಕೊಳ್ಳಲು ಶುರುವಾಯಿತು.

"ಇಲ್ಲ ಮೇಡಂ, ಸಾಧ್ಯಾನೇ ಇಲ್ಲ... ನಮ್ಮ ಕಡೆ ಎಲ್ಲ ಸರಿಯಿದೆ... ನಿಮ್ಮ ಇಂಟರ್‌ನೆಟ್ ಪೆಟ್ಟಿಗೆ ಆರಿಸಿ ಹಾಕಿ... ಆರಿಸಿ ಹಾಕಿದ್ರಾ? ಇನ್ನೊಂದು ಸಲ ಹಾಕಿ."

ಗ್ರಾಫಕ್ಕನ ಕಿವಿ ನೆಟ್ಟಗಾಯಿತು. ಬಿಸ್ಕತ್ತಿನ ದವಡೆ ಅರ್ಧಕ್ಕೇ ನಿಂತಿತು.

ಮತ್ತೆ ಮತ್ತೆ ಪೆಟ್ಟಿಗೆ ಆರಿಸಿ ಹಾಕಿ ಸಾಕಾದ ಹಲ್ಲಿನ ಡಾಕ್ಟರಮ್ಮ, ಬಿಳಿ ಕೋಟಿನಲ್ಲೇ, ಎರಡು ಬೀದಿ ನಡೆದು ಖುದ್ದಾಗಿ ಬಂದುಬಿಟ್ಟರು. ಒಬ್ಬರೇ ಬಂದಿರಲಿಲ್ಲ. ಸಾಕ್ಷಿಗೆ ಅಂತ ಕೆನ್ನೆ ಬಲೂನಿನಂತೆ ಊದಿದ್ದ ಒಬ್ಬ ಯಜಮಾನರನ್ನೂ ಕರೆತಂದಿದ್ದರು. ಗ್ರಾಫಕ್ಕನೂ ಬಿಸ್ಕತ್ತೂ ಅವರ ಹಿಂದೆಯೇ ಸಾಹೇಬರ ಕೋಣೆಗೆ ಹೋದರು.

"ಬೆಳಗ್ಗೆಯಿಂದ ಸ್ಕ್ರೀನು ಗಿರಗಿರ ತಿರುಗ್ತಾ ಕೂತಿದೆ," ಅಂದರು ಡಾಕ್ಟರಮ್ಮ. "ಹೊರಗೆ ಬೆಂಚು ತುಂಬಾ ಜನ. ಯಾರ ಯಾವ ಹಲ್ಲು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಎಕ್ಸ್‌ರೇ ಇಲ್ಲದೆ ಅಂದಾಜಿನಲ್ಲಿ ಕೀಳ್ಲಾ?"

"ಬೇಡ," ಅಂದರು ಯಜಮಾನರು. ಊದಿದ ಬಾಯಲ್ಲೂ ಆ ಮಾತು ಸ್ಪಷ್ಟವಾಗಿತ್ತು.

ಸಾಹೇಬರು ಹೆಮ್ಮೆಯಿಂದ ಪರದೆಯತ್ತ ಕೈ ಚಾಚಿದರು. "ನೀವೇ ನೋಡಿ ಮೇಡಂ. ಶೇಕಡಾ ಹನ್ನೊಂದು. ನಮ್ಮಲ್ಲಿರೋದರಲ್ಲೇ ಅತ್ಯಂತ ಆರೋಗ್ಯವಂತ ಯಂತ್ರ ನಿಮಗೆ ಕೊಟ್ಟಿದ್ದೀವಿ."

"ಈ ಗೆರೆ ತಗೊಂಡು ಹೋಗಿ ಇವರ ಕೆನ್ನೆಗೆ ಕಟ್ಲಾ?"

"ನಾನು ಹೇಳೋದು, ತಪ್ಪು ನಿಮ್ಮ ಕಡೆ ಇದೆ. ದಾಖಲೆ ಸುಳ್ಳು ಹೇಳುತ್ತಾ?" ಸಾಹೇಬರು ತಿರುಗಿದರು. "ಇವರೇ ಇದನ್ನ ನೋಡಿಕೊಳ್ಳೋರು. ಹೇಳ್ರೀ, ನಮ್ಮ ಯಂತ್ರ ಸರಿಯಿದೆ ತಾನೇ?"

ಡಾಕ್ಟರಮ್ಮನ ಬೆನ್ನ ಹಿಂದಿನಿಂದ ಬಿಸ್ಕತ್ತು ಕಣ್ಣಿನಲ್ಲೇ ಕಥಕ್ಕಳಿ ಆಡುತ್ತಿದ್ದ. ಅದರ ಅರ್ಥ ಅವಳಿಗೆ ತಿಳಿಯದ್ದೇನಲ್ಲ: ಹ್ಞೂಂ ಅನ್ನಿ, ಇವರು ಹೋಗ್ಲಿ, ಹಿಂದೆಯೇ ಸದ್ದಿಲ್ಲದೆ ಯಂತ್ರ ಎಬ್ಬಿಸೋಣ. ಏನಾಗಿದೆ ಅಂತಲೂ ಅವಳಿಗೆ ಗೊತ್ತಿತ್ತು. ಹಾಸಿಗೆ ಲೆಕ್ಕಕ್ಕೆ ಸಾಕಾಗುತ್ತಿದ್ದ ಮೆಮೊರಿಯೊಳಗೆ ಊರವರ ದವಡೆಗಳನ್ನೆಲ್ಲ ತುರುಕಿದ್ದಳು. ಅದು ಉಸಿರುಕಟ್ಟಿ ಬಿದ್ದಿತ್ತು. ಹ್ಞೂಂ ಅಂದರೆ ಹಗಲು ಪಾಳಿ ಉಳಿಯುತ್ತದೆ. ಒಂದೇ ಒಂದು ಹ್ಞೂಂ, ಅದಕ್ಕೆ ಬಾಯಿ ತೆರೆಯುವುದೂ ಬೇಕಿಲ್ಲ.

ಯಜಮಾನರು ಅಷ್ಟರಲ್ಲಿ ನಿಂತು ಸುಸ್ತಾಗಿ, ಉರಿಯುವ ಕೆನ್ನೆಯನ್ನು ತಣ್ಣಗಿದ್ದ ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದರು. ಅವರ ತಲೆಯ ಮೇಲೆ ಸರಿಯಾಗಿ ಆ ನೇರ ಗೆರೆ ಹಾದುಹೋಗುತ್ತಿತ್ತು. ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಅನ್ನುತ್ತಾ.

"ಸರಿಯಿಲ್ಲ ಸಾರ್," ಅಂದಳು ಗ್ರಾಫಕ್ಕ. "ಯಂತ್ರ ಬಿದ್ದಿದೆ. ಆ ಗೆರೆ ಸುಳ್ಳು, ನಾನೇ ಮಾಡಿದ್ದು."

ಬಿಸ್ಕತ್ತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಸಾಹೇಬರು ಬಾಯಿ ತೆರೆಯುವ ಮೊದಲೇ ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಳು. ಮೊದಲು ಯಂತ್ರಕ್ಕೆ ಮೆಮೊರಿ ಹೆಚ್ಚಿಸಿದಳು, ಮತ್ತೆ ಚಾಲೂ ಮಾಡಿದಳು, ಕಿತ್ತ ತಂತಿ ಜೋಡಿಸಿದಳು. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಎಲ್ಲವನ್ನೂ ಹೇಳಿತು. ಹಾಸಿಗೆ-ಎರಡು ಎಂದೋ ತೀರಿಕೊಂಡದ್ದು, ತೇಪೆಯ ಮೇಲೆ ತೇಪೆ ಬಿದ್ದದ್ದು, ತಾನು ಹೊಸದನ್ನು ತಂದು ಹಳೆಯ ಹೆಸರಿಟ್ಟದ್ದು. ಬಿಸ್ಕತ್ತಿನ ಹೆಸರು ಮಾತ್ರ ಎಲ್ಲೂ ಬರಲಿಲ್ಲ.

ಡಾಕ್ಟರಮ್ಮನ ಫೋನು ಗುಣುಗುಟ್ಟಿತು. ಆಸ್ಪತ್ರೆಯಿಂದ. ಬಂತಂತೆ, ಎಲ್ಲರ ಹಲ್ಲೂ ಬಂತಂತೆ.

"ಅಂದ್ರೆ," ಅಂದರು ಡಾಕ್ಟರಮ್ಮ ಸಾವಕಾಶವಾಗಿ, "ನೀವು ಸತ್ತವರಿಗೆ ಬಹುಮಾನ ಕೊಟ್ರಿ."

"ಒಂದೇ ಒಂದು, ಮೇಡಂ," ಅಂದರು ಸಾಹೇಬರು. "ಉಳಿದವೆಲ್ಲ ಗುಂಡುಕಲ್ಲಿನ ಹಾಗಿವೆ."

"ತೇಪೆ ತೆಗೆದು ತೋರಿಸಿ."

ಗ್ರಾಫಕ್ಕ ಸಾಹೇಬರ ಮುಖ ನೋಡಿದಳು. ಅಲ್ಲಿಂದ ಯಾವ ಅಪ್ಪಣೆಯೂ ಬರುವ ಹಾಗೆ ಕಾಣಲಿಲ್ಲ. ತಾನೇ ಗುಂಡಿ ಒತ್ತಿದಳು. ಗೋಡೆಯ ತುಂಬ ತುಳುಕುತ್ತಿದ್ದ ಗೆರೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಕೆಲವು ಅಲ್ಲಲ್ಲಿ ಹರಿದವು. ಕೆಲವು ನಡುವೆಯೇ ಕಡಿದು ಹೋದವು. ಕೆಲವು ಇಡಿಯಾಗಿ ಅಳಿಸಿ ಹೋಗಿ, ಹೆಸರೊಂದು ಖಾಲಿ ಚೌಕದಲ್ಲಿ ಉಳಿಯಿತು. ಗೋಡೆ ಹಳೆಯ ಬನಿಯನ್ನಿನ ಹಾಗೆ ಕಾಣತೊಡಗಿತು.

"ಮುಚ್ಚಿ! ಮುಚ್ಚಿ!" ಅಂತ ಸಾಹೇಬರು ಎರಡೂ ಕೈ ಚಾಚಿ ಪರದೆಗೆ ಅಡ್ಡ ನಿಂತರು, ಸ್ನಾನದ ಮನೆಯ ಬಾಗಿಲು ಯಾರೋ ತೆಗೆದುಬಿಟ್ಟ ಹಾಗೆ.

ಯಜಮಾನರು ಕಣ್ಣು ತೆರೆದು ಕೇಳಿದರು, "ನನ್ನ ಹಲ್ಲು ಕೀಳ್ತೀರೋ, ಇಲ್ಲ ಇದನ್ನೇ ನೋಡ್ತಾ ಇರ್ತೀರೋ?" ಡಾಕ್ಟರಮ್ಮ ಅವರ ಕೈ ಹಿಡಿದು ಹೊರಟರು. ಬಾಗಿಲ ಹತ್ತಿರ ತಿರುಗಿ ಗ್ರಾಫಕ್ಕನನ್ನು ಒಮ್ಮೆ ನೋಡಿದರು. ಮೆಚ್ಚುಗೆಯೋ, ಹಲ್ಲು ಎಣಿಸುತ್ತಿದ್ದರೋ ಹೇಳುವುದು ಕಷ್ಟ.

ಕೋಣೆಯಲ್ಲಿ ಮೂವರೇ ಉಳಿದರು. ಸಾಹೇಬರು ಕುರ್ಚಿಗೆ ಬಿದ್ದರು.

"ಹಗಲು ಪಾಳಿ ಮರೆತುಬಿಡಿ," ಅಂದರು. "ಇವತ್ತಿಂದಲೇ ರಾತ್ರಿ. ಜೀವಮಾನ ಪೂರ್ತಿ ರಾತ್ರಿ."

ಗ್ರಾಫಕ್ಕನ ಕಣ್ಣು ತುಂಬಿ ಬರುವುದರಲ್ಲಿತ್ತು. ಆದರೆ ಇಷ್ಟು ವರ್ಷ ಅತ್ತೆಯ ಜೊತೆ ಸಂಸಾರ ಮಾಡಿದ ಹೆಂಗಸಿಗೆ, ಅಳುವುದಕ್ಕಿಂತ ಮೊದಲು ಬಳಸಿ ಮುಗಿಸಬೇಕಾದ ಬೇರೆ ಆಯುಧಗಳು ಇರುತ್ತವೆ.

"ಆಗಲಿ ಸಾರ್," ಅಂದಳು ವಿಧೇಯಳಾಗಿ. "ಆದ್ರೆ ಈ ಖಾಲಿ ಚೌಕಗಳಿವೆಯಲ್ಲ. ಇವುಗಳಲ್ಲಿ ಯಾವುದು ಸತ್ತಿದೆ, ಯಾವುದು ಬರೀ ಮಲಗಿದೆ ಅಂತ ನಮ್ಮ ದಾಖಲೆ ನೋಡಿದ್ರೆ ತಿಳಿಯಲ್ಲ. ಗಿರಾಕಿಗಳಿಗೇ ಫೋನ್ ಮಾಡಿ ಕೇಳ್ಬೇಕು. ರಾತ್ರಿ ಪಾಳೀಲಿ ನಾನೇ ಮಾಡ್ತೀನಿ."

"ಮಾಡಿ."

"ನಡುರಾತ್ರಿ ಎಬ್ಬಿಸಿ, ನಿಮ್ಮದು 'ಬದುಕಿದೆಯಾ, ಹೋಯ್ತಾ' ಅಂತ ಕೇಳ್ತೀನಿ. ಬೈದ್ರೆ, 'ದೊಡ್ಡ ಸಾಹೇಬರ ಅಪ್ಪಣೆ' ಅಂತೀನಿ. ನಂಬರ್ ಕೇಳಿದ್ರೆ ನಿಮ್ಮ ಮನೇದು ಕೊಡ್ಲಾ, ಮೊಬೈಲಿಂದು ಕೊಡ್ಲಾ?"

ಸಾಹೇಬರು ಗೋಡೆ ನೋಡಿದರು. ಚೌಕಗಳು ಎಷ್ಟೋ ಇದ್ದವು. ಅಷ್ಟೂ ಗಿರಾಕಿಗಳು ನಿದ್ದೆಗಣ್ಣಿನಲ್ಲಿ ತಮ್ಮ ಮನೆಗೆ ಫೋನ್ ಮಾಡುವುದನ್ನು, ಅದನ್ನು ತಮ್ಮ ಹೆಂಡತಿ ಎತ್ತುವುದನ್ನು ಅವರು ಕಲ್ಪಿಸಿಕೊಂಡಂತೆ ಕಂಡಿತು. ಯಾಕೆಂದರೆ ಅವರ ಮುಖದ ಬಣ್ಣ ಸರಾಸರಿಗಿಂತ ಕೆಳಗಿಳಿಯಿತು.

"ಬೇಡ," ಅಂದರು. "ಹಗಲಲ್ಲೇ ಮಾಡಿ. ಆದ್ರೆ ತಾತ್ಕಾಲಿಕ! ಇದು ಮುಗಿಯೋವರೆಗೆ ಮಾತ್ರ. ತಿಳೀತಾ?"

"ತಿಳೀತು ಸಾರ್. ತಾತ್ಕಾಲಿಕ."

ಹೊರಗೆ ಬಂದ ಮೇಲೆ ಬಿಸ್ಕತ್ತು ಅವಳ ಕೈ ಕುಲುಕಿದ. ಆ ಆಫೀಸಿನಲ್ಲಿ ತಾತ್ಕಾಲಿಕ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಬಾಗಿಲ ಬಳಿಯ ಮುರುಕು ಪ್ಲಾಸ್ಟಿಕ್ ಕುರ್ಚಿ ತಾತ್ಕಾಲಿಕ. ಅದರ ಮೇಲೆ ಕೂರುವ ವಾಚ್‌ಮನ್ ತಾತ್ಕಾಲಿಕವಾಗಿ ಬಂದು ಮೊಮ್ಮಕ್ಕಳನ್ನು ಕಂಡಿದ್ದ. ಸಾಹೇಬರನ್ನೇ ಮೊದಲು ಕೂರಿಸಿದ್ದು, ಬೇರೆ ಯಾರಾದರೂ ಸಿಗುವ ತನಕ ಅಂತ.

"ನನ್ನ ಹೆಸರು ಹೇಳಲಿಲ್ಲ ನೀವು," ಅಂದ ಬಿಸ್ಕತ್ತು.

"ನಿನ್ನನ್ನೂ ರಾತ್ರಿಗೆ ಹಾಕಿದ್ರೆ ಹಗಲು ನನಗೆ ಟೀ ತರೋರು ಯಾರು? ಹೋಗು, ತಗೊಂಡು ಬಾ. ಬಿಸಿ ಇರ್ಲಿ."

ಮಧ್ಯಾಹ್ನವೇ ಫೋನ್ ಶುರು ಮಾಡಿದಳು. ಒಬ್ಬಾತ ಬೈದ. ಒಬ್ಬಳು ರಾಂಗ್ ನಂಬರ್ ಅಂದಳು. ಕೊಡೆ ಅಂಗಡಿಯ ಮುದುಕರೊಬ್ಬರು ಪೂರ್ತಿ ಕೇಳಿಸಿಕೊಂಡು, "ಅಂಗಡಿ ಮುಚ್ಚಿ ಎಷ್ಟು ಕಾಲವಾಯ್ತಮ್ಮ. ಅದು ಇನ್ನೂ ದುಡೀತಾನೇ ಇತ್ತಾ? ಪಾಪ, ಯಾರಾದ್ರೂ ಹೇಳಬಾರದಿತ್ತಾ ಅದಕ್ಕೆ?" ಅಂದರು. ಗ್ರಾಫಕ್ಕ ಆ ಚೌಕವನ್ನು ಅಳಿಸುವಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಕ್ಷಣ ತಲೆ ತಗ್ಗಿಸಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಬಂದ್ಯಾ? ಸದ್ಯ. ತಗೋ ನಿನ್ನ ಮಗಳನ್ನ. ಲೆಕ್ಕ ಮಾಡ್ಸು. ಇಷ್ಟು ದಿನ ನಾನು ಮಾಡಿದ್ದೇ ಸಾಕು," ಅಂದವರೇ ಟಿವಿಯ ಮುಂದೆ ಪ್ರತಿಷ್ಠಾಪನೆಗೊಂಡರು.

ಗ್ರಾಫಕ್ಕ ಅಕ್ಕರೆಯಿಂದ ಮಗಳ ಪಕ್ಕ ಕೂತಳು. ಏನೇನೋ ಕನಸು ಕಂಡಿದ್ದಳು ಈ ಗಳಿಗೆಗೆ. ಕನಸು ಒಂದು ಕಳೆಯುವ ಲೆಕ್ಕದ ತನಕ ಬಾಳಿತು.

"ಅಜ್ಜಿ ಹೀಗೆ ಹೇಳಿಕೊಡಲ್ಲ," ಅಂದಳು ಮಗಳು.

"ಅಜ್ಜಿ ಹೇಳಿಕೊಟ್ಟಿದ್ದು ತಪ್ಪು."

"ಕೇಳಿಸ್ತು ನಂಗೆ!" ಟಿವಿಯ ಕಡೆಯಿಂದ.

"ಒಂದು ಕಡ ತಗೋಬೇಕು ಪುಟ್ಟ, ಪಕ್ಕದ ಮನೆಯಿಂದ."

"ಅಜ್ಜಿ ಹೇಳ್ತಾರೆ ಪಕ್ಕದ ಮನೆಯವರ ಹತ್ರ ಏನೂ ಕೇಳ್ಬಾರ್ದು ಅಂತ."

"ಲೆಕ್ಕದಲ್ಲಿ ಕೇಳ್ಬಹುದು!"

"ನೀನು ಮಲಗಿದ್ದಾಗಲೇ ಚೆನ್ನಾಗಿತ್ತು!"

"ಬಾಯಿ ಮುಚ್ಕೊಂಡು ಬರೀತೀಯೋ ಇಲ್ಲ ಎರಡು ಕೊಡ್ಲೋ!" ಗ್ರಾಫಕ್ಕನ ದನಿ ಇಷ್ಟು ದೂರ ಹೋಗಬಲ್ಲದು ಅಂತ ಅವಳಿಗೇ ಗೊತ್ತಿರಲಿಲ್ಲ. ಮಗಳು ರಾಗ ತೆಗೆದಳು. ಅತ್ತೆ ಟಿವಿಯ ಸದ್ದು ಏರಿಸಿದರು. ಮಗಳು ಅದರ ಮೇಲೆ ಇನ್ನೊಂದು ಸ್ವರ ಏರಿಸಿದಳು.

ಒಳಕೋಣೆಯ ಬಾಗಿಲು ದಢಾರನೆ ತೆರೆಯಿತು. ಕೂದಲು ನಿಮಿರಿ ನಿಂತ ಬೇಕರಿಯವನು, ಲುಂಗಿ ಕೈಯಲ್ಲಿ ಹಿಡಿದು, ಗಾಬರಿಯಿಂದ ಕೇಳಿದ, "ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ ರೀ," ಅಂದಳು ಗ್ರಾಫಕ್ಕ, ಬೆವರು ಒರೆಸಿಕೊಳ್ಳುತ್ತಾ. "ಎಲ್ಲ ಇದ್ದೀವಿ. ನೀವು ಮಲಗಿ."

ಅವನು ಮಲಗಲಿಲ್ಲ. ಬೆಳಕಿರುವಾಗಲೇ ಮನೆಯಲ್ಲಿದ್ದ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಲುಂಗಿ ಬಿಗಿದುಕೊಂಡು, ಕುರ್ಚಿ ಎಳೆದು, ಮಗಳ ಇನ್ನೊಂದು ಪಕ್ಕ ಕೂತು, "ಎಲ್ಲಿ, ಯಾವ ಲೆಕ್ಕ ಅದು?" ಅಂದ. ಅವನು ಹೇಳಿಕೊಟ್ಟ ಉತ್ತರವೂ ತಪ್ಪಾಗಿತ್ತು.